ಮೆಲ್ಲಗಣ್ಣನ ಮೊಣಕಾಲು

ಆ ಕಸಾಯಿಖಾನೆಯಲ್ಲಿ ಅವನ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನು ಮೆಲ್ಲಗಣ್ಣ. ದೊಡ್ಡಿಯಿಂದ ದನಗಳನ್ನು ಹೊರಡಿಸಿ, ಇಕ್ಕಟ್ಟಾದ ಓಣಿಯಲ್ಲಿ ಕೊನೆಯ ಕಬ್ಬಿಣದ ಗೇಟಿನವರೆಗೆ ನಡೆಸುವುದು ಅವನ ಕೆಲಸ. ಇಪ್ಪತ್ತೆಂಟು ವರ್ಷ "ಮೆಲ್ಲಗೆ, ಮೆಲ್ಲಗೆ" ಅನ್ನುತ್ತಲೇ ನಡೆಸಿದವನಿಗೆ ಬೇರೆ ಯಾವ ಹೆಸರು ಒಪ್ಪೀತು?

ಅವನದೊಂದು ಪದ್ಧತಿಯಿತ್ತು. ದಿನಾ ಬೆಳಿಗ್ಗೆ ದನ ಬಿಡುವ ಮೊದಲು ಕುಕ್ಕರಗಾಲಲ್ಲಿ ಕೂತು, ತಲೆ ತಗ್ಗಿಸಿದ ದನಕ್ಕೆ ಏನು ಕಾಣುತ್ತದೋ ಅದನ್ನೇ ನೋಡುತ್ತ ಓಣಿಯುದ್ದಕ್ಕೂ ಸರಿಯುವುದು. ಕಂಬಿಯ ಮೇಲೆ ಯಾರೋ ಬಿಟ್ಟ ಅಂಗಿ, ನೆಲದಲ್ಲಿ ಹೊಳೆಯುವ ನೀರು, ಅಲ್ಲಾಡುವ ಸರಪಳಿ: ನಮಗೆ ಲೆಕ್ಕಕ್ಕಿಲ್ಲದ್ದು ದನಕ್ಕೆ ಭೂತ. ಅದನ್ನು ತೆಗೆದರೆ ದನ ತಾನಾಗಿ ನಡೆಯುತ್ತದೆ. ದನ ತಾನಾಗಿ ನಡೆಯುವಷ್ಟು ಕಾಲ ಶಾಕ್ ಕೊಡುವ ಕರೆಂಟು ಕೋಲು ಬೀರುವಿನಲ್ಲೇ ಇರಬೇಕೆಂದು ಅವನು ಹಟ ಹಿಡಿದು ಸೂಪರ್‌ವೈಸರನ್ನು ಒಪ್ಪಿಸಿದ್ದ.

ಆದರೆ ಈ ವರ್ಷ ಮೊಣಕಾಲು ಕೈಕೊಟ್ಟಿತು. ಹೇಳಿದರೆ ಗೇಟಿನ ಬಳಿ ಸ್ಟೂಲು ಹಾಕಿ ಕೂರಿಸುತ್ತಾರೆ. ಆ ಸ್ಟೂಲೆಂದರೆ ಅವನಿಗೆ ಮೈಯುರಿ. ಹಾಗಾಗಿ ನಿಂತಲ್ಲೇ ಕತ್ತು ಬಗ್ಗಿಸಿ ನೋಡಿದಂತೆ ಮಾಡಿ ಮುಗಿಸತೊಡಗಿದ. ದನ ನಿಂತರೆ "ಮೊಂಡು ಜಾತಿ ಸಾರ್" ಅನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಆಗ ಕೋಲು ಹೊರಬರುತ್ತಿತ್ತು. ದನ ಅರಚಿ ಮುಂದಕ್ಕೆ ಹಾರುವಾಗ ಮೆಲ್ಲಗಣ್ಣ ಗೋಡೆ ನೋಡುತ್ತಿದ್ದ.

ಅವತ್ತು ಕಂದು ಹಸುವೊಂದು ತಿರುವಿನಲ್ಲಿ ನಿಂತುಬಿಟ್ಟಿತು. ಹಿಂದಿನದು ಜಾರಿ ಬಿತ್ತು, ಅದರ ಹಿಂದಿನದು ಬಿದ್ದದ್ದನ್ನು ತುಳಿಯಿತು. ಬಿದ್ದ ದನದ ಕೂಗಿಗೆ ಓಣಿ ತುಂಬ ಗಾಬರಿ. ಸೂಪರ್‌ವೈಸರ್ ಬೀರುವಿನ ಕಡೆ ಹೊರಟ.

"ಐದು ನಿಮಿಷ ಕೊಡಿ ಸಾರ್," ಎಂದ ಮೆಲ್ಲಗಣ್ಣ. ಬಿದ್ದದ್ದನ್ನು ಎಬ್ಬಿಸಿ, ಎಲ್ಲವನ್ನೂ ದೊಡ್ಡಿಗೆ ಹಿಂದಿರುಗಿಸಿದ. ಆಮೇಲೆ ಹಲ್ಲು ಕಚ್ಚಿ, ಕೈಯೂರಿ ನಾಲ್ಕು ಕಾಲಿನ ಮೇಲೆ ಹೊರಟ. ತಿರುವಿನಲ್ಲಿ ಕಂಡಿತು. ಗೋಡೆಯ ಬುಡದ ತಗಡು ಗೇಣಗಲ ಮುರಿದಿತ್ತು. ಹೊರಗಿನ ಪ್ಲಾಸ್ಟಿಕ್ ಚೂರು ಗಾಳಿಗೆ ಆಡಿದಾಗಲೆಲ್ಲ ಬಿಸಿಲು ನೆಲದ ಮೇಲೆ ಕುಣಿಯುತ್ತಿತ್ತು.

ನೆಲ ತೊಳೆಯುವ ಕೆಲಸದಲ್ಲಿದ್ದ ಅವನ ಸೊಸೆ ಗೋಣಿಚೀಲ ತಂದು ಆ ಕಿಂಡಿಗೆ ತುರುಕಿದಳು. ಮೇಲೇಳಲಾಗದ ಮಾವನನ್ನು ಅವಳೂ ಸೂಪರ್‌ವೈಸರೂ ಎತ್ತಿ ನಿಲ್ಲಿಸಿ ಪಕ್ಕಕ್ಕೆ ಕರೆತಂದರು. ದನ ಬಿಟ್ಟರು. ಒಂದೂ ನಿಲ್ಲಲಿಲ್ಲ.

"ಈ ತಗಡು ಯಾವಾಗ ಮುರೀತಮ್ಮ?"

"ನಾಲ್ಕು ತಿಂಗಳಾಯ್ತಲ್ಲ ಮಾವ, ಆ ಜೋರು ಗಾಳಿ ಬಂದಾಗ. ನೀವು ದಿನಾ ನೋಡ್ತೀರಲ್ಲ, ಅದರಿಂದ ಏನೂ ತೊಂದ್ರೆ ಇಲ್ಲ ಅಂದ್ಕೊಂಡೆ."

ನಾಲ್ಕು ತಿಂಗಳು ಕರೆಂಟು ಹೊಡೆಸಿಕೊಂಡ ದನಗಳಿಗೆಲ್ಲ ಬೇಕಿದ್ದದ್ದು ಒಂದು ಗೋಣಿಚೀಲ.

"ಹೋಗ್ಲಿ ಬಿಡಣ್ಣ," ಸೂಪರ್‌ವೈಸರ್ ಭುಜ ತಟ್ಟಿದ. "ಹೇಗೂ ಸಾಯೋ ದನ."

"ಸಾಯೋದು ಬೇರೆ ಸಾರ್, ಹೆದರೋದು ಬೇರೆ. ಅವು ಮೊಂಡಲ್ಲ. ನಂಗೆ ಮಂಡಿ ಬಗ್ಗಲ್ಲ, ಮುಚ್ಚಿಟ್ಟೆ." ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿತು. ಇವಳಿಗೆ ಕಲಿಸುತ್ತೇನೆ, ಈ ಕೆಲಸ ಇವಳಿಗೇ ಕೊಡಿ ಎಂದು ಕೇಳಿಕೊಂಡ.

ಮರುದಿನ ಬೆಳಿಗ್ಗೆ ಸೊಸೆ ಕುಕ್ಕರಗಾಲಲ್ಲಿ ಓಣಿಗಿಳಿದಳು. ಅವನು ಗೇಟಿನ ತುದಿಯಲ್ಲಿ ನಿಂತು ಹೇಳಿಕೊಡುತ್ತಿದ್ದ: ಎಡಕ್ಕೆ ನೋಡು, ನೆಲ ನೋಡು, ಅವಸರ ಮಾಡಬೇಡ. ತಿರುವು ದಾಟಿದವಳು ತಟ್ಟನೆ ನಿಂತಳು.

"ಏನು ಕಾಣ್ತಮ್ಮ?"

ಅವಳು ಹೇಳಲೋ ಬೇಡವೋ ಎಂಬಂತೆ ತಡೆದಳು.

"ನೀವೇ ಮಾವ. ಅಲ್ಲಿ ಅಡ್ಡ ನಿಂತಿದ್ದೀರಿ, ಇಲ್ಲಿಂದ ನೋಡಿದ್ರೆ ಹೆದರಿಕೆ ಆಗುತ್ತೆ. ಸ್ವಲ್ಪ ಆಚೆ ಹೋಗ್ತೀರಾ?"

ಮೆಲ್ಲಗಣ್ಣ ಗೋಡೆ ಹಿಡಿದುಕೊಂಡು ಓಣಿಯಿಂದ ಹೊರಗೆ ಹೋದ.