ಕಂಡಕ್ಟರ್ ಶೀನಪ್ಪನ ಮರದ ಕಾರುಗಳು

ಕಂಡಕ್ಟರ್ ಶೀನಪ್ಪಣ್ಣ ರಿಟೈರಾಗಿ ಬಾಳಗಡಿಯಲ್ಲಿ ಮನೆ ಮಾಡಿದ ಮೇಲೂ ಬಸ್ಸಿನಿಂದ ಇಳಿದಿರಲಿಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ "ಮುಂದೆ ಹೋಗಿ, ಮುಂದೆ ಖಾಲಿ ಉಂಟು" ಎನ್ನುವರು. ಯಾರ ಮನೆಗೆ ಹೋದರೂ ಕುರ್ಚಿ ಬೇಡ; ಕಾಲು ಅಗಲಿಸಿ, ಸೊಂಟವನ್ನು ಕಂಬಕ್ಕೋ ಗೋಡೆಗೋ ಒರಗಿಸಿ ನಿಂತೇ ಮಾತಾಡುವರು, ನೆಲ ಯಾವ ಕ್ಷಣದಲ್ಲಾದರೂ ತಿರುವು ತೆಗೆದುಕೊಂಡೀತು ಎಂಬಂತೆ. ಕೊಪ್ಪ–ಶೃಂಗೇರಿ ರಸ್ತೆಯ ತಿರುವುಗಳೆಲ್ಲ ಅವರ ಮೊಣಕಾಲಿನೊಳಗೆ ಉಳಿದುಬಿಟ್ಟಿದ್ದವು.

ನನ್ನ ಎಸ್‌ಟಿಡಿ ಬೂತು ಮತ್ತು ಜೆರಾಕ್ಸ್ ಅಂಗಡಿ ಅವರ ಮನೆಯ ಎದುರಿಗೇ ಇತ್ತು. ಕಾಲೇಜಿನ ಮಕ್ಕಳು ಬರುವ ಮುಂಚಿನ ಖಾಲಿ ಹೊತ್ತಿನಲ್ಲಿ ರಸ್ತೆ ದಾಟಿ ಬಂದು, ಬಾಗಿಲಿಗೆ ಒರಗಿ, ಹಳೆಯ ಪ್ರಯಾಣಿಕರ ಕತೆ ಹೇಳುತ್ತಿದ್ದರು. ಮರದ ಕಾರಿನ ಯೋಚನೆಯನ್ನೂ ಮೊದಲು ನನ್ನ ಹತ್ತಿರವೇ ಹೇಳಿದ್ದು.

"ಇಡೀ ಆಯಸ್ಸು ಇನ್ನೊಬ್ಬ ಓಡಿಸಿದ ಗಾಡೀಲಿ ನಿಂತುಕೊಂಡು ಬಂದೆ ಮಾರಾಯ್ತಿ. ಸ್ಟೇರಿಂಗ್ ಮುಟ್ಟಿದವನಲ್ಲ. ಈಗ ನನ್ನದೇ ಒಂದು ಗಾಡಿ ಮಾಡ್ತೇನೆ ನೋಡು, ಅಂಗೈಯಷ್ಟು."

ಸಾಮಿಲ್ಲಿನಲ್ಲಿ ಬಿಸಾಡಿದ ಸಿಲ್ವರ್ ಓಕ್ ತುಂಡುಗಳನ್ನು ಆಯ್ದು ತಂದು ಅಂಗಳದಲ್ಲಿ ಕೂತು ಕೊರೆಯತೊಡಗಿದರು. ಸೈಕಲ್ ಕಡ್ಡಿಯೇ ಅಚ್ಚು, ಬಡಗಿ ಕೊರೆದುಕೊಟ್ಟ ಮರದ ಬಿಲ್ಲೆಗಳೇ ಚಕ್ರ. ಒಂದು ಕಾರು ಸಿದ್ಧವಾಗುವಷ್ಟರಲ್ಲಿ ಅಂಗಳದಲ್ಲಿ ಮಕ್ಕಳು ತುಂಬಿದ್ದರು. ಶೀನಪ್ಪಣ್ಣ ಯಾರನ್ನೂ ಅಟ್ಟಲಿಲ್ಲ. ಒಂದೇ ಕಾನೂನು: "ಗರಗಸ ನಾನು ಹಿಡೀತೇನೆ. ಉಜ್ಜೋದು, ಕೂಡಿಸೋದು ನೀವೇ. ಅಪ್ಪ ಮಾಡಿಕೊಟ್ಟ ಕಾರು ತಂದ್ರೆ ಹತ್ತಿಸಿಕೊಳ್ಳೋದಿಲ್ಲ."

ಕಾರು ಓಡಿಸಲು ಎರಡು ಉದ್ದದ ಹಲಗೆಗಳಿಗೆ ಅಂಚಿನಲ್ಲಿ ರೀಪು ಬಡಿದು, ಜಗಲಿಯಿಂದ ಅಂಗಳಕ್ಕೆ ಇಳಿಜಾರು ಮಾಡಿದ್ದರು. ಮೇಲಿನಿಂದ ಎರಡು ಕಾರು ಒಟ್ಟಿಗೆ ಬಿಡುವುದು. ಕೆಳಗೆ ಎಳೆದ ಸುಣ್ಣದ ಗೆರೆಯನ್ನು ಮೊದಲು ದಾಟಿದ್ದು ಗೆದ್ದಂತೆ. ಅಚ್ಚಿಗೆ ತೆಂಗಿನೆಣ್ಣೆ ಬಿಡುತ್ತಾ ಪಾಠ ಹೇಳುವರು: "ಭಾರ ಹಿಂದೆ ಇರ್ಲಿ ಮಾರಾಯ. ಘಾಟಿ ಇಳಿಯುವಾಗ ಬಸ್ಸನ್ನು ಹಿಂದಿನ ಸೀಟಿನವರೇ ತಳ್ಳೋದು."

ನನ್ನ ಮಗ ಪ್ರಶಾಂತ ಆಗ ನಾಲ್ಕನೇ ಕ್ಲಾಸು. ಶಾಲೆ ಬಿಟ್ಟರೆ ಅವನ ಚೀಲ ನನ್ನ ಅಂಗಡಿಯಲ್ಲಿ, ಅವನು ಶೀನಪ್ಪಣ್ಣನ ಅಂಗಳದಲ್ಲಿ. ಮಕ್ಕಳಿಲ್ಲದ ಆ ಮನೆಯಲ್ಲಿ ಅವನಿಗೆ ಎರಡನೇ ಊಟವೂ ಆಗುತ್ತಿತ್ತು. ಶಾಲೆಯ ಹಾಸ್ಟೆಲ್ಲಿನಿಂದ ಸವಿತಾ ಎಂಬ ಹುಡುಗಿಯೂ ಬರುತ್ತಿದ್ದಳು. ಬಸರೀಕಟ್ಟೆ ಕಡೆಯ ಕಾಫಿ ಎಸ್ಟೇಟಿನಲ್ಲಿ ಅವಳ ಅಪ್ಪ ಅಮ್ಮ ಕೆಲಸಕ್ಕಿದ್ದರು. ಪ್ರಶಾಂತನಿಗಿಂತ ಎರಡು ಕ್ಲಾಸು ದೊಡ್ಡವಳು, ಮಾತು ಕಡಿಮೆ. ಬೇರೆ ಮಕ್ಕಳು ಬಣ್ಣಕ್ಕೆ ಜಗಳವಾಡುತ್ತಿದ್ದರೆ ಅವಳು ಮೂಲೆಯಲ್ಲಿ ಕೂತು ಚಕ್ರ ಉಜ್ಜುತ್ತಿದ್ದಳು. ಉಜ್ಜಿ, ಕೆನ್ನೆಗೆ ಒತ್ತಿ ನೋಡಿ, ಮತ್ತೆ ಉಜ್ಜುವಳು. ಅವಳ ಕಾರಿಗೆ ಬಣ್ಣವೇ ಇರಲಿಲ್ಲ.

ಆ ವರ್ಷ ಗಣಪತಿ ಪೆಂಡಾಲಿನ ಎದುರು ಮಕ್ಕಳ ಕಾರು ರೇಸ್ ಇಡಬೇಕೆಂದು ಯುವಕರು ಕೇಳಿದರು. ಶೀನಪ್ಪಣ್ಣ ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು ಬಂದರು. ಗೆದ್ದವರಿಗೆ ಕೊಡಲು ಹಲಸಿನ ಮರದ ಪುಟ್ಟ ಕಪ್ಪೊಂದನ್ನು ಅವರೇ ಕಡೆಸಿಟ್ಟಿದ್ದರು. ಒಂದೊಂದೇ ಜೋಡಿ ಕಳೆದು ಕೊನೆಗೆ ಉಳಿದವರು ಪ್ರಶಾಂತ ಮತ್ತು ಸವಿತಾ. ನಾನು ಹಲಗೆಯ ಮೇಲ್ತುದಿಯಲ್ಲಿ, ಮಗನ ಹಿಂದೆ ನಿಂತಿದ್ದೆ. ಗೆರೆಯ ಹತ್ತಿರ ಶೀನಪ್ಪಣ್ಣ ಒಬ್ಬರೇ ಬಗ್ಗಿ ನಿಂತಿದ್ದರು. ಕಾರುಗಳು ಇಳಿದವು. "ಪ್ರಶಾಂತಾ!" ಎಂದು ಅವರು ಕೂಗಿದರು. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಸವಿತಾ ಬಂದು ತನ್ನ ಕಾರನ್ನು ಎತ್ತಿಕೊಂಡು, ಚಕ್ರದ ಮಣ್ಣನ್ನು ಲಂಗಕ್ಕೆ ಒರೆಸಿ, ಶೀನಪ್ಪಣ್ಣನ ಮುಖ ನೋಡಿದಳು. ಅವರು ಬೇರೆ ಕಡೆ ತಿರುಗಿ ಕಪ್ಪು ಹುಡುಕತೊಡಗಿದರು. ಕಪ್ಪು ಅವರ ಕಂಕುಳಲ್ಲೇ ಇತ್ತು.

ಮರುದಿನ ಸಂಜೆ ಅಂಗಡಿಗೆ ಬಂದವರು, ಬೂತಿನೊಳಗೆ ಫೋನಿನಲ್ಲಿದ್ದ ಹುಡುಗ ಹೋಗುವವರೆಗೂ ಬಾಗಿಲಿಗೆ ಒರಗಿ ಕಾದರು. ಆಮೇಲೆ ಹೇಳಿದರು.

"ಶಾರದಾ, ನಿನ್ನೆ ಗೆದ್ದದ್ದು ಆ ಹುಡುಗಿ."

"ಅಂದ್ರೆ?"

"ಬಾಯಿ ಮೊದಲು ಓಡ್ತು, ಕಾರು ಆಮೇಲೆ ಬಂತು. ನಮ್ಮ ಪ್ರಶಾಂತನೇ ಬರ್ತಾನೆ ಅಂತ ಮನಸ್ಸಲ್ಲಿ ಕೂತಿತ್ತು. ಹೆಸರು ಕೂಗಿದೆ. ನೋಡ್ತೇನೆ, ಅವಳ ಕಾರು ಗೆರೆ ದಾಟಿ ಆಗಿದೆ. ಅಷ್ಟರಲ್ಲಿ ನೀವೆಲ್ಲ ಚಪ್ಪಾಳೆ ತಟ್ಟಿದ್ರಿ. ವಾಪಸ್ ತಗೊಳ್ಳೋಕೆ ನಾಲಗೆ ಬರ್ಲಿಲ್ಲ."

ಮಗ ಆ ಕಪ್ಪನ್ನು ಟಿವಿಯ ಮೇಲಿಟ್ಟುಕೊಂಡಿದ್ದ. ನಾನು, "ಬಿಡಿ ಶೀನಪ್ಪಣ್ಣ, ಮಕ್ಕಳಾಟ. ಇವನಿಗೆ ಮಾತ್ರ ಹೇಳಬೇಡಿ, ಬೇಜಾರು ಮಾಡ್ಕೊಳ್ತಾನೆ" ಎಂದೆ.

"ಇವನು ಬೇಜಾರು ಮಾಡ್ಕೊಳ್ತಾನೆ, ಸರಿ. ಅವಳೆಂತ ದೊಡ್ಡವಳಾ? ಅವಳೂ ಮಗುವೇ ಅಲ್ವಾ?"

ಆದರೂ ನನ್ನ ಮಾತಿಗೆ ಕಟ್ಟುಬಿದ್ದು ಪ್ರಶಾಂತನಿಗೆ ಹೇಳಲಿಲ್ಲ. ಸವಿತಾ ಅಂಗಳಕ್ಕೆ ಬರುವುದನ್ನು ನಿಲ್ಲಿಸಿದಳು. ಅವರು ಹಾಸ್ಟೆಲ್ಲಿನ ಇನ್ನೊಂದು ಹುಡುಗಿಯ ಕೈಯಲ್ಲಿ ಪೆಪ್ಪರ್‌ಮಿಂಟು, ಒಂದು ಡಬ್ಬಿ ಕೆಂಪು ಬಣ್ಣ ಕಳಿಸಿದರು. ಎರಡೂ ಬಿಚ್ಚದೇ ವಾಪಸ್ ಬಂದವು. "ಸೀಟು ತಪ್ಪಿಸಿ ಆಮೇಲೆ ಕಡಲೆಕಾಯಿ ಕೊಟ್ಟ ಹಾಗಾಯ್ತು ನಂದು" ಎಂದು ಹೇಳಿಕೊಂಡರು. ಊಟಕ್ಕೆ ಕೂತವರು ಅನ್ನ ಕಲಸದೆ ತಟ್ಟೆ ನೋಡುತ್ತಾ ಕೂರುತ್ತಾರೆಂದು ಅವರ ಹೆಂಡತಿ ರುಕ್ಮಿಣಕ್ಕ ನನ್ನ ಹತ್ತಿರ ಅತ್ತರು. "ಎಂತ ಆಯ್ತು ಅಂತ ಬಾಯಿ ಬಿಡೋದಿಲ್ಲ ಮಾರಾಯ್ತಿ. ನಿಂಗೆ ಗೊತ್ತುಂಟಾ?" ಎಂದು ಕೇಳಿದಾಗ ನಾನು ಮಾತು ಮರೆಸಿದೆ.

ಕೊನೆಗೆ ನಾನೇ ಹೋಗಿ, ಪ್ರಶಾಂತನಿಗೆ ಹೇಳಿಬಿಡಿ ಎಂದೆ. ಜಗಲಿಯ ಮೇಲೆ ಅವನನ್ನು ಎದುರಿಗೆ ಕೂರಿಸಿಕೊಂಡು, ತಾವೂ ಕೂತು, ಎಲ್ಲವನ್ನೂ ಹೇಳಿದರು. ಅಳುತ್ತಾನೆಂದು ನಾನು ಕಾದಿದ್ದೆ. ಅವನು ಉಗುರು ಕಚ್ಚುತ್ತಾ, "ನಂಗೆ ಗೊತ್ತಿತ್ತು" ಎಂದ.

"ಗೊತ್ತಿತ್ತಾ?"

"ಅವಳ ಕಾರು ಮುಂದೆ ಹೋಗಿದ್ದು ಮೇಲಿಂದ ಕಾಣ್ತಿತ್ತು. ನೀವು ದೊಡ್ಡವರು ನನ್ನ ಹೆಸರು ಹೇಳಿದ್ರಲ್ಲ, ಅಮ್ಮಾನೂ ಚಪ್ಪಾಳೆ ಹೊಡೆದ್ಲಲ್ಲ, ಹಂಗಾರೆ ನಾನೇ ಗೆದ್ದೆ ಏನೋ ಅಂದ್ಕೊಂಡೆ."

ಶೀನಪ್ಪಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ನಿಂಗೂ ಸುಳ್ಳು ಕಲಿಸಿದೆನಲ್ಲೋ ಮಾಣಿ" ಎಂದರು.

ದಸರಾ ರಜೆಯಲ್ಲಿ ಸವಿತಾ ಊರಿಗೆ ಹೋಗಿದ್ದಳು. ನಾವು ಮೂವರೂ ಬಸ್ಸಿನಲ್ಲಿ ಬಸರೀಕಟ್ಟೆಗೆ ಹೋಗಿ, ಅಲ್ಲಿಂದ ಎಸ್ಟೇಟಿನ ಜೀಪಿನಲ್ಲಿ ಕೆಲಸದವರ ಲೈನಿನಲ್ಲಿದ್ದ ಅವಳ ಮನೆಗೆ ಹೋದೆವು. ಪ್ರಶಾಂತನ ತೊಡೆಯ ಮೇಲೆ ಕಪ್ಪು. ಸವಿತಾಳ ತಾಯಿ ಆಗಷ್ಟೇ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಗಾಬರಿಯಿಂದ ಚಾಪೆ ಹಾಸಿದರು. ವಿಷಯ ತಿಳಿದ ಮೇಲೆ ಅವರಿಗೆ ನಾಚಿಕೆಯೇ ಆಯಿತು. "ಎಂತ ಇದು, ಮಕ್ಕಳ ಆಟಿಕೆ ಸಾಮಾನಿಗೆ ಇಲ್ಲಿ ತನಕ ಬಂದ್ರಾ? ಇವಳು ನಮ್ಮ ಹತ್ರ ಒಂದು ಮಾತೂ ಹೇಳ್ಲಿಲ್ಲ."

ಸವಿತಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಶೀನಪ್ಪಣ್ಣ, "ಗೆದ್ದವಳು ನೀನು. ನಾನು ನೋಡಿದ್ದೆ. ನೋಡಿಯೂ ಹೇಳ್ಲಿಲ್ಲ" ಎಂದರು.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಮರ್ಯಾದೆ ಹೋಗ್ತದೆ ಅಂತ."

ಪ್ರಶಾಂತ ಕಪ್ಪು ಮುಂದೆ ಹಿಡಿದ. ಅವಳು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಮತ್ತೆ ಅವನಿಗೇ ಕೊಟ್ಟಳು. "ಇದು ಇಲ್ಲಿ ಹಿಂಗೆ ತಗೊಳ್ಳೋದಲ್ಲ. ಅಜ್ಜ, ಎಲ್ರ ಎದುರಿಗೆ ಹೇಳ್ತೀರಾ?"

"ಹೇಳ್ತೇನೆ. ಬರೋ ಗಣಪತಿಗೆ, ಅದೇ ಜಾಗದಲ್ಲಿ."

ಅವಳು ತಲೆಯಾಡಿಸಿ ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಬೇಸಿಗೆಯಲ್ಲಿ ಅವಳ ಅಪ್ಪ ಅಮ್ಮ ಆ ಎಸ್ಟೇಟು ಬಿಟ್ಟು ಎನ್.ಆರ್.ಪುರದ ಕಡೆ ಕೆಲಸಕ್ಕೆ ಹೋದರು, ಸವಿತಾಳ ಟಿ.ಸಿ.ಯನ್ನೂ ತೆಗೆದುಕೊಂಡು ಹೋದರಂತೆ. ವಿಳಾಸ ಯಾರಿಗೂ ಗೊತ್ತಿರಲಿಲ್ಲ. ಶೀನಪ್ಪಣ್ಣ ಒಂದು ದಿನ ಎನ್.ಆರ್.ಪುರಕ್ಕೆ ಹೋಗಿ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಬಂದರು. ಬಂದವರ ಮುಖ ಬಾಡಿತ್ತು. "ಹೆಣ್ಣುಮಕ್ಕಳು ಬರೋ ದಾರೀಲಿ ಎಂತ ಕೆಲಸ ನಿಮಗೆ ಅಂತ ಒಬ್ಬ ಗದರಿಸಿದ. ಅವನದ್ದೂ ತಪ್ಪಲ್ಲ. ಕಾರು ರೇಸಲ್ಲಿ ಸುಳ್ಳು ಹೇಳಿದ್ದೆ, ಅದಕ್ಕೆ ಬಂದೆ ಅಂದ್ರೆ ಯಾರು ನಂಬ್ತಾರೆ?"

ಗಣಪತಿ ಹಬ್ಬ ಬಂತು. ರೇಸಿಗೆ ಮುಂಚೆ ಅವರು ಮೈಕು ಕೇಳಿ ತೆಗೆದುಕೊಂಡರು. "ಹೋದ ವರ್ಷ ಗೆದ್ದದ್ದು ಹಾಸ್ಟೆಲ್ಲಿನ ಸವಿತಾ. ನಾನು ಕಣ್ಣಾರೆ ಕಂಡು ಸುಳ್ಳು ಹೇಳಿದೆ. ತಪ್ಪು ನಂದು." ಜನ ನಕ್ಕರು. "ಹಳೇ ಟಿಕೆಟ್ ಈಗ ಹರೀತಿದ್ದೀರಾ ಕಂಡಕ್ಟ್ರೇ?" ಎಂದು ಯಾರೋ ಕೂಗಿದರು. ನಗು ಇನ್ನೂ ಜೋರಾಯಿತು. ಅದು ಅಡಗುವವರೆಗೂ ಶೀನಪ್ಪಣ್ಣ ಮೈಕು ಹಿಡಿದೇ ನಿಂತಿದ್ದು, ಅದೇ ಮಾತನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿದರು. ನನ್ನ ಪಕ್ಕದಲ್ಲಿ ಪ್ರಶಾಂತ ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಅವರು ಎಂದೂ ಗೆರೆಯ ಹತ್ತಿರ ನಿಲ್ಲಲಿಲ್ಲ. ಸೋತ ಮಕ್ಕಳಲ್ಲೇ ಇಬ್ಬರನ್ನು ಅಲ್ಲಿ ಕೂರಿಸಿ, ತಾವು ಕಾರು ಬಿಡುವ ಮೇಲ್ತುದಿಗೆ ಹೋದರು.

ಕೆಲವು ವರ್ಷ ಕಳೆದು ಅವರಿಗೆ ಉಸಿರಾಟದ ತೊಂದರೆಯಾಗಿ ಕೊಪ್ಪದ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದಾಗ ನನ್ನನ್ನು ಹತ್ತಿರ ಕರೆದು ಕೇಳಿದರು, "ನಾನು ಎಲ್ರ ಎದುರಿಗೆ ಹೇಳಿದ್ದು ಆ ಹುಡುಗಿಗೆ ಗೊತ್ತಾಯ್ತಾ?"

"ಗೊತ್ತಾಗಿರ್ತದೆ ಶೀನಪ್ಪಣ್ಣ."

"ಆಗಿರ್ತದೆ ಅಂದ್ರೆ ಆಗ್ಲಿಲ್ಲ ಅಂತ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು, "ಆ ಕಡೆ ಹೋದ್ರೆ ವಿಚಾರಿಸು" ಎಂದರು. ಹೂಂ ಎಂದೆ. ಅದೇ ವಾರ ತೀರಿಕೊಂಡರು.

ಆ ಕಡೆ ಹೋಗಲು ನನಗೆ ಮತ್ತೊಂದು ವರ್ಷವೇ ಹಿಡಿಯಿತು. ಹೋದದ್ದೂ ನೆಂಟರ ಮನೆಯ ಗೃಹಪ್ರವೇಶಕ್ಕೆ. ರವಿಕೆ ಕಣ ಕೊಳ್ಳಲು ಎನ್.ಆರ್.ಪುರದ ಬಟ್ಟೆ ಅಂಗಡಿಯೊಂದಕ್ಕೆ ಹೋದರೆ, ಬಟ್ಟೆ ಬಿಡಿಸಿ ತೋರಿಸುತ್ತಿದ್ದ ಹುಡುಗಿಯೇ, "ಆಂಟಿ, ನೀವು ಬಾಳಗಡಿಯ ಎಸ್‌ಟಿಡಿ ಬೂತಿನವರಲ್ವಾ?" ಎಂದಳು. ಸವಿತಾ ಎತ್ತರ ಬೆಳೆದಿದ್ದಳು. ನಾನು ಅಲ್ಲೇ ನಿಂತು, ಮೈಕಿನಲ್ಲಿ ಹೇಳಿದ್ದನ್ನೆಲ್ಲ ಹೇಳಿದೆ.

"ನಿಜವಾಗ್ಲೂ ಹೇಳಿದ್ರಾ? ಜನ ನಕ್ರಾ?"

"ನಕ್ಕರು. ಇನ್ನೊಂದ್ಸಲ ಹೇಳಿದ್ರು."

ಅವಳು ಬಿಡಿಸಿದ ಬಟ್ಟೆಯನ್ನು ಮಡಚತೊಡಗಿ, ಮಧ್ಯದಲ್ಲೇ ನಿಲ್ಲಿಸಿದಳು. "ಅವರು ಮನೆ ಹುಡುಕ್ಕೊಂಡು ಬಂದಾಗ್ಲೇ ನನ್ನ ಸಿಟ್ಟು ಹೋಗಿತ್ತು ಆಂಟಿ. ಎಲ್ರ ಎದುರಿಗೆ ಹೇಳ್ತೀರಾ ಅಂತ ಸುಮ್ನೆ ಹಠಕ್ಕೆ ಕೇಳಿದ್ದು. ಅಜ್ಜನಿಗೆ ಹೇಳಿ, ನಂಗೇನೂ ಬೇಜಾರಿಲ್ಲ ಅಂತ."

ಆಗ ನಾನು ಉಳಿದದ್ದನ್ನೂ ಹೇಳಬೇಕಾಯಿತು. ಆಸ್ಪತ್ರೆಯಲ್ಲಿ ಅವರು ಕೇಳಿದ್ದನ್ನು ಮಾತ್ರ ಮುಚ್ಚಿಡೋಣವೆಂದುಕೊಂಡೆ. ಆದರೆ ಅವಳು ನೆಟ್ಟ ನೋಟದಿಂದ ನೋಡುತ್ತಿದ್ದಳು, ಅದನ್ನೂ ಹೇಳಿದೆ.

ಅವಳ ಕಣ್ಣು ತುಂಬಿತು. "ನಾನೇ ಒಂದ್ಸಲ ಬರಬಹುದಿತ್ತು. ಇಲ್ಲಿಂದ ಬಾಳಗಡಿ ಎಂತ ದೂರ?" ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಬಾಳಗಡಿಯಿಂದ ಎನ್.ಆರ್.ಪುರವೂ ಅಷ್ಟೇ ದೂರ ಎಂದು ಹೇಳಲು ನನಗೆ ನಾಲಗೆ ಬರಲಿಲ್ಲ.