ಮಿಸೊ ಮೆತ್ತಿದ ಬಾಗಿಲು

ಗಾರೆ ಕೆಲಸದ ಯಾಸೊಕಿಚಿ ನಮ್ಮ ಪಕ್ಕದ ಮನೆಯವನು. ಮಾತು ಕಡಿಮೆ, ಕೆಲಸ ಅದಕ್ಕಿಂತ ನಿಧಾನ. ನಮ್ಮ ಹೊಳೆದಂಡೆಯ ಪೇಟೆಯಲ್ಲಿ ಮನೆಗಳೆಂದರೆ ಮರ ಮತ್ತು ಕಾಗದ. ಚಳಿಗಾಲದ ಒಣಗಾಳಿಗೆ ಯಾವುದಾದರೊಂದು ಬೀದಿ ಬೂದಿಯಾಗುವುದು ಹೊಸದಲ್ಲ. ಅದಕ್ಕೇ ಅನುಕೂಲವಿದ್ದವರು ಸರಕಿಡಲು ದಪ್ಪ ಮಣ್ಣುಗೋಡೆಯ ಉಗ್ರಾಣ ಕಟ್ಟಿಸುತ್ತಿದ್ದರು.

ಜವಳಿ ವ್ಯಾಪಾರಿ ಶಿನ್ರೊಕು ಕೂಡ ಅಂಥದೊಂದನ್ನು ಕಟ್ಟುವ ಕೆಲಸ ಯಾಸೊಕಿಚಿಗೆ ಒಪ್ಪಿಸಿದ. ಬಿದಿರಿನ ತಡಿಕೆ, ಅದರ ಮೇಲೆ ಹುಲ್ಲು ಕಲಸಿದ ಮಣ್ಣು, ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಎರಡನೆಯ ವರ್ಷ ಮುಗಿಯುತ್ತ ಬಂದರೂ ಗೋಡೆ ಮುಗಿಯಲಿಲ್ಲ.

"ಏನಯ್ಯ, ಗೋಡೆ ಕಟ್ತಿದೀಯೋ, ಸಾಕ್ತಿದೀಯೋ?" ಅಂತ ಶಿನ್ರೊಕು ಕೆಣಕಿದ.

"ಒಣಗಬೇಕಾದ್ದು ಗೋಡೆ, ಯಜಮಾನ್ರೇ. ಅವಸರ ಮಾಡಿದ್ರೆ ಬಿರುಕು ಬಿಡುತ್ತೆ. ಬೆಂಕಿಗೆ ಕೂದಲೆಳೆಯಷ್ಟು ಸಂದಿ ಸಾಕು."

ಮೂರನೆಯ ವಸಂತದಲ್ಲಿ ಅಂತೂ ಉಗ್ರಾಣ ಸಿದ್ಧವಾಯಿತು. ಯಾಸೊಕಿಚಿ ಬಾಗಿಲ ಪಕ್ಕ ಒಂದು ತೊಟ್ಟಿ ತುಂಬ ಹಸಿ ಜೇಡಿಮಣ್ಣು ಇಟ್ಟು, ಬೆಂಕಿ ಬಿದ್ದರೆ ಬಾಗಿಲು ಹಾಕಿ ಸಂದಿಗೆಲ್ಲ ಇದನ್ನು ಮೆತ್ತಿ, ಒಣಗಲು ಮಾತ್ರ ಬಿಡಬೇಡಿ ಎಂದು ಹೇಳಿ ಹೋದ. ಶಿನ್ರೊಕುವಿನ ಮನೆಯವರು ಆ ಬೇಸಿಗೆಯಲ್ಲಿ ಅದರಲ್ಲಿ ಬದನೆ ಸಸಿ ನೆಟ್ಟರು. ಬದನೆಕಾಯಿ ಚೆನ್ನಾಗಿಯೇ ಬಿಟ್ಟಿತು.

ಮರುವರ್ಷದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಬೀದಿಯ ಸಾರ್ವಜನಿಕ ಸ್ನಾನಗೃಹದ ಒಲೆಯಿಂದ ಕಿಡಿ ಹಾರಿತು. ಬೆಂಕಿಯ ಗಂಟೆ ಬಡಿದದ್ದೇ ತಡ, ಯಾಸೊಕಿಚಿ ಕರಣೆ ಹಿಡಿದು ಶಿನ್ರೊಕುವಿನ ಉಗ್ರಾಣಕ್ಕೆ ಓಡಿದ. ಬಾಗಿಲು ಮುಚ್ಚಿ ತೊಟ್ಟಿಗೆ ಕೈ ಹಾಕಿದರೆ ಮಣ್ಣು ಕಲ್ಲಿನಂತಾಗಿತ್ತು, ಮೇಲೆ ನಾಲ್ಕು ಒಣ ಬದನೆ ಕಡ್ಡಿ. ಕಲಸೋಣವೆಂದರೆ ಹೊತ್ತಿಲ್ಲ. ಶಿನ್ರೊಕುವಿನ ತಾಯಿ ಒತೊಸೆ ಹಾಸಿಗೆ ಗಂಟು ಹೊತ್ತು ಹೊರಡುತ್ತಿದ್ದಳು.

"ಅಮ್ಮಾ, ಮನೇಲಿ ಮಿಸೊ ಎಷ್ಟಿದೆ?"

"ಮೂರು ವರ್ಷ ಹುದುಗು ಬಂದಿದ್ದು, ಒಂದು ಪೀಪಾಯಿ. ಯಾಕೋ, ಈಗ ಸಾರು ಮಾಡ್ತೀಯಾ?"

"ಬಾಗಿಲಿಗೆ ಮೆತ್ತಬೇಕು."

ಸೋಯಾ ಕಾಳು ಅರೆದು ಉಪ್ಪು ಹಾಕಿ ಹುದುಗಿಸಿದ ಆ ಗಟ್ಟಿ ಹಿಟ್ಟನ್ನು ಒತೊಸೆ ನೆಂಟರಿಗೂ ಒಂದು ಚಮಚ ಕೊಟ್ಟವಳಲ್ಲ. ಅವಳು ಒಂದು ಗಳಿಗೆ ಉರಿಯುವ ಬೀದಿಯನ್ನು ನೋಡಿದಳು, ಗಂಟು ಇಳಿಸಿದಳು, ಪೀಪಾಯಿಯನ್ನು ಉರುಳಿಸಿಕೊಂಡು ಬಂದು ತಾನೇ ಎರಡೂ ಕೈಯಿಂದ ಮೆತ್ತತೊಡಗಿದಳು. ಅವನು ಕರಣೆಯಿಂದ ಒತ್ತುತ್ತ ಹೋದ. ಮನೆಯ ಸೂರು ಹತ್ತಿಕೊಂಡಾಗ ಇಬ್ಬರೂ ಹೊಳೆಯ ಕಡೆ ಓಡಿದರು.

ಬೆಳಗಾದಾಗ ಬೀದಿ ಇರಲಿಲ್ಲ. ಬೂದಿಯ ನಡುವೆ ಮಸಿ ಹಿಡಿದ ಉಗ್ರಾಣ ಒಂದೇ ನಿಂತಿತ್ತು. ಶಿನ್ರೊಕು ಬಾಗಿಲಿಗೆ ಕೈ ಹಾಕಹೋದ. ಯಾಸೊಕಿಚಿ ಅಡ್ಡ ಬಂದ.

"ಒಳಗೆ ಕಾವು ಕೂತಿದೆ. ಈಗ ಗಾಳಿ ಆಡಿದ್ರೆ ಅಷ್ಟೂ ಬಟ್ಟೆ ಭಗ್ಗನೆ ಹತ್ಕೊಳ್ಳುತ್ತೆ."

"ಇದು ನನ್ನ ಉಗ್ರಾಣ ಕಣೋ."

"ಹೌದು. ಗೋಡೆ ನಂದು."

ಹಾಗೆಂದು ಬಾಗಿಲಿಗೆ ಬೆನ್ನು ಕೊಟ್ಟು ಕೂತವನು ಮೂರು ದಿನ ಏಳಲಿಲ್ಲ. ನಮ್ಮ ಮನೆಗಳೂ ಸುಟ್ಟಿದ್ದವು. ಅವನು ಹೋಗಿ ನೋಡಿರಲಿಲ್ಲ. ಹೆಂಡತಿ ಒಕುನಿ ಅನ್ನದುಂಡೆ ತಂದುಕೊಟ್ಟು, ಸ್ವಂತ ಮನೆ ಬಿಟ್ಟು ಊರವರ ಬಾಗಿಲು ಕಾಯುವ ಗಂಡ ತನಗೊಬ್ಬಳಿಗೇ ಸಿಕ್ಕಿದ್ದು ಎಂದು ಬೈದು, ಆಮೇಲೆ ಪಕ್ಕದಲ್ಲೇ ಕೂತಳು.

ನಾಲ್ಕನೆಯ ದಿನ ಅವನು ಗೋಡೆಗೆ ಅಂಗೈ ಇಟ್ಟ, ಕೆನ್ನೆ ಇಟ್ಟ, ಬಾಗಿಲು ತೆಗೆದ. ಜವಳಿ ಮೂಟೆಗಳು ಇಟ್ಟಲ್ಲೇ ಇದ್ದವು. ಹುರಿದ ಮಿಸೊದ ಘಮಕ್ಕೆ ನೆರೆದವರ ಹೊಟ್ಟೆಯೆಲ್ಲ ಗುರುಗುಟ್ಟಿತು. ಒತೊಸೆ ಬಾಗಿಲಿಂದ ಒಣಗಿದ ಮಿಸೊದ ಒಂದು ಹಕ್ಕಳೆ ಕಿತ್ತು ಬಾಯಿಗಿಟ್ಟು, ಮೂರು ವರ್ಷ ಕಾದದ್ದು ಸಾರ್ಥಕ ಎಂದಳು. ಶಿನ್ರೊಕು ಬೂದಿಯಲ್ಲೇ ಮಂಡಿಯೂರಿ ಯಾಸೊಕಿಚಿಗೆ ತಲೆಬಾಗಿದ. ಮೊದಲ ಮೂಟೆಗಳು ಮನೆ ಕಳೆದುಕೊಂಡವರ ಹೊದಿಕೆಗಾದವು. ನಮಗೂ ಎರಡು ಹೊದಿಕೆ ಸಿಕ್ಕಿದವು.

ಆಮೇಲೆ ಯಾಸೊಕಿಚಿ ಇನ್ನೂ ಏಳು ಉಗ್ರಾಣ ಕಟ್ಟಿದ. ಅವನ ಸರದಿಗೆ ಜನ ಐದೈದು ವರ್ಷ ಕಾಯುತ್ತಿದ್ದರು, ಯಾರೂ ಬೇಗ ಮುಗಿಸು ಎನ್ನುತ್ತಿರಲಿಲ್ಲ.