ಟೀಚರಮ್ಮನ ಹೆಬ್ಬೆಟ್ಟು

ಬ್ಯಾಂಕಿನ ಕೆಲಸದ ಮೇಲೆ ಟ್ರಿಪ್ಲಿಕೇನ್ ಬಡಾವಣೆಯ ಒಂದು ಮನೆಗೆ ಹೋಗಿದ್ದೆ. ಪಾರ್ಶ್ವವಾಯು ಹೊಡೆದ ಮೇಲೆ ಅಲ್ಲಿನ ನಿವೃತ್ತ ಟೀಚರಮ್ಮನ ರುಜು ಬ್ಯಾಂಕಿನಲ್ಲಿದ್ದ ಹಳೆಯ ರುಜುವಿಗೆ ಹೊಂದುತ್ತಿರಲಿಲ್ಲ. ನಾನು ಎದುರಿಗಿದ್ದು ಹೆಬ್ಬೆಟ್ಟಿನ ಗುರುತು ತೆಗೆದುಕೊಂಡರೆ ಮಾತ್ರ ಪಿಂಚಣಿ ಕೈಗೆ ಸಿಗುತ್ತಿತ್ತು. ಅವರನ್ನು ನೋಡಿಕೊಳ್ಳುವ ಆಯಾಳ ಸಂಬಳಕ್ಕೂ ಅದೇ ಆಧಾರ.

"ಒತ್ತಿಬಿಡಮ್ಮಾ," ಎಂದಳು ಮಗಳು.

ಟೀಚರಮ್ಮ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. "ಜೀವನವೆಲ್ಲ ಅಕ್ಷರ ಕಲಿಸಿದವಳು ನಾನು. ಈಗ ಹೆಬ್ಬೆಟ್ಟು ಒತ್ತಲಾ?" ಅವರ ಕಣ್ಣು ತುಂಬಿ ಬಂತು.

ನಾನು ರೂಲ್ಸಿನ ಮಾತು ಬಿಟ್ಟೆ. "ಅಮ್ಮಾ, ಬ್ಯಾಂಕಿನಲ್ಲಿ ಹಾಜರಿಗೆ ನಾವೂ ದಿನಾ ಮಿಷನ್ ಮೇಲೆ ಹೆಬ್ಬೆಟ್ಟು ಒತ್ತುತ್ತೇವೆ. ಮ್ಯಾನೇಜರೂ ಅಷ್ಟೇ," ಎಂದೆ.

ಅವರು ನನ್ನನ್ನು ಮರುಕದಿಂದ ನೋಡಿದರು. "ಪಾಪ, ಮ್ಯಾನೇಜರಿಗೂ ರುಜು ಮಾಡೋಕೆ ಬರಲ್ವಾ?" ಎನ್ನುತ್ತ ಹೆಬ್ಬೆಟ್ಟು ಮುಂದೆ ಚಾಚಿದರು.

ಮರುದಿನ ಮಿಷನ್ ಮೇಲೆ ಬೆರಳಿಡುವಾಗ ನನಗೇ ಒಂಥರಾ ನಾಚಿಕೆಯಾಯಿತು.